ಗಾಳಿ ಎತ್ತ ಬೀಸುತ್ತಿದೆ?

"ರೀ, ಬಟ್ಟೆ ಮಹಡಿ ಮೇಲೆ ಹಾಕ್ಲಾ?" ಎಂದು ಹೆಂಡತಿ ಕೇಳಿದಳು.

"ಇವತ್ತು ಬೇಡ, ಒಳಗೇ ಹಾಕು" ಎಂದ ಮೋಡದಣ್ಣ, ಗಡ್ಡದ ಸೋಪಿನ ನೊರೆಯೊಳಗಿಂದಲೇ.

ಅವನು ಮಾಡಿದ ತಪ್ಪು ಅಷ್ಟೇ. ಹನ್ನೊಂದರ ಹೊತ್ತಿಗೆ ನಾಲ್ಕು ಹನಿ ಬೀಳಬಹುದೆಂದು ಅವನ ಅಂದಾಜು. ಹವಾಮಾನ ಕಚೇರಿಯ ಚಾವಣಿ ಹತ್ತಿ, ಗಾಳಿ ತೋರುವ ಬಾಣವನ್ನೂ ಮಳೆ ಅಳೆಯುವ ಪಾತ್ರೆಯನ್ನೂ ನೋಡಿ ರಿಜಿಸ್ಟರಿಗೆ ಬರೆಯುವುದು ಹದಿನೇಳು ವರ್ಷದಿಂದ ಅವನ ಕೆಲಸ. ಬೀದಿಯವರು ಇಟ್ಟ ಅಡ್ಡಹೆಸರು ಅಲ್ಲಿಂದಲೇ ಬಂದದ್ದು.

ಬೇರೆ ದಿನವಾಗಿದ್ದರೆ ಆ ಮಾತು ಅಲ್ಲೇ ಮುಗಿಯುತ್ತಿತ್ತು. ಆದರೆ ಹಿಂದಿನ ಸಂಜೆಯಷ್ಟೇ, ಮುನ್ನೂರು ಮೈಲಿ ಆಚೆಯ ಅಣು ವಿದ್ಯುತ್ ಸ್ಥಾವರದಲ್ಲಿ ಏನೋ ಒಡೆದು ವಿಕಿರಣ ಸೋರಿದೆ ಎಂಬ ಸುದ್ದಿ ಬಂದಿತ್ತು. ಜನ ಆಕಾಶವನ್ನು ಜಗಳಗಂಟ ನೆಂಟನನ್ನು ನೋಡುವ ಹಾಗೆ ನೋಡುತ್ತಿದ್ದರು. ಎದುರುಮನೆಯ ದರ್ಜಿ ಅಕ್ಕನ ಹೊಲಿಗೆ ಯಂತ್ರ ಕಿಟಕಿಯ ಪಕ್ಕದಲ್ಲೇ ಇತ್ತು. ಮೋಡದಣ್ಣನ ಮಹಡಿಯ ಹಗ್ಗ ಖಾಲಿ ಇರುವುದು ಆಕೆಯ ಕಣ್ಣಿಗೆ ಬಿತ್ತು.

"ನೋಡಿದ್ರಾ ಮೇಷ್ಟ್ರೇ? ಹವಾಮಾನದವರ ಮನೇಲೇ ಬಟ್ಟೆ ಒಳಗೆ ಒಣಗಿಸ್ತಿದ್ದಾರೆ!"

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ಗೊತ್ತಿರೋರು ಬಾಯಲ್ಲಿ ಹೇಳಲ್ಲಮ್ಮ, ಮಾಡಿ ತೋರಿಸ್ತಾರೆ."

ಅರ್ಧ ಗಂಟೆಯಲ್ಲಿ ಬೀದಿಯ ಹಗ್ಗಗಳೆಲ್ಲ ಬೋಳಾದವು. ಇದಾವುದರ ಅರಿವೂ ಇಲ್ಲದ ಮೋಡದಣ್ಣ ಹೊರಗೆ ಬಂದು, ಅಭ್ಯಾಸಬಲದಿಂದ ತಲೆಯೆತ್ತಿ ಆಕಾಶ ನೋಡಿ, "ಹೂಂ" ಎಂದು ಕೊಡೆ ಬಿಚ್ಚಿದ. ಹನಿ ಆಗತಾನೇ ಶುರುವಾಗಿತ್ತು. ಅವನ ಹಿಂದೆ ಒಂದಾದ ಮೇಲೊಂದು ಬಾಗಿಲು ದಡಾರನೆ ಮುಚ್ಚಿಕೊಂಡಿತು.

ಕಚೇರಿಯಲ್ಲಿ ಸಾಹೇಬರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿಕೊಂಡಿದ್ದರು.

"ಆತಂಕಪಡುವ ಅಗತ್ಯವಿಲ್ಲ ಅಂತ ನಾನೇ ಪ್ರಕಟಣೆ ಕೊಟ್ಟಿದ್ದೀನಿ. ಇನ್ನು ಗಾಳಿ ಆ ಕಡೆ, ಈ ಕಡೆ ಅಂತ ಹೊರಗೆ ಯಾರಾದ್ರೂ ಬಾಯಿಬಿಟ್ಟರೆ ನಾಳೇನೇ ಗುಡ್ಡದ ಮೇಲಿನ ಕೇಂದ್ರಕ್ಕೆ ವರ್ಗ. ಅಲ್ಲಿ ಮಾತಾಡ್ಸೋಕೆ ಮೇಕೆ ಬಿಟ್ರೆ ಇನ್ಯಾರೂ ಇಲ್ಲ."

ಮೋಡದಣ್ಣ ಹೇಳಲು ವಿಷಯವಾದರೂ ಏನಿತ್ತು? ಬಾಣ ಬೆಳಗಿನಿಂದ ಅಲುಗಿರಲಿಲ್ಲ. ರಿಜಿಸ್ಟರಿನಲ್ಲಿ 'ಗಾಳಿ ಇಲ್ಲ' ಎಂದು ಬರೆದು ಅವನು ಕೆಳಗಿಳಿದ. ಅಷ್ಟರಲ್ಲಿ ಹೆಂಡತಿಯ ಫೋನು.

"ರೀ, ಬೇಗ ಬನ್ನಿ. ಮೇಷ್ಟ್ರು ತೊಟ್ಟಿ ನೀರೆಲ್ಲ ಚೆಲ್ಲಿಬಿಟ್ರು. ಈಗ ಹೊಸಾ ನೀರು ಹಿಡಿಯೋಕೆ ಹೆದರಿಕೆಯಂತೆ, ನಮ್ಮನೆ ಬಿಂದಿಗೆ ನೀರು ಕೇಳ್ತಿದ್ದಾರೆ. ಎಲ್ರೂ ನಮ್ಮ ಬಾಗಿಲಲ್ಲೇ ಕೂತಿದ್ದಾರೆ!"

ಅರ್ಧ ದಿನ ರಜೆ ಗೀಚಿ ಅವನು ಓಡಿಬಂದ. ಬೀದಿಯ ಗುರುತೇ ಸಿಗಲಿಲ್ಲ. ಕಿಟಕಿಗಳಿಗೆಲ್ಲ ಅಂಟುಪಟ್ಟಿ, ಮುಖಗಳಿಗೆಲ್ಲ ಟವೆಲು. ಮೇಷ್ಟ್ರು ಒಳಗೆ ನಿಂತು ತಮ್ಮ ಬಾಗಿಲಿನ ಸಂದುಗಳಿಗೆ ಎಷ್ಟು ಚೆನ್ನಾಗಿ ಅಂಟುಪಟ್ಟಿ ಹಚ್ಚಿದ್ದರೆಂದರೆ, ಅವರನ್ನು ಹೊರತೆಗೆಯಲು ಇಬ್ಬರು ಭುಜ ಕೊಟ್ಟು ತಳ್ಳಬೇಕಾಯಿತಂತೆ. ದರ್ಜಿ ಅಕ್ಕ ಹೊಲಿಗೆ ಯಂತ್ರವನ್ನು ಕೈಗಾಡಿಗೆ ಕಟ್ಟಿಸುತ್ತಿದ್ದಳು.

"ಎಲ್ಲಿಗಕ್ಕಾ?"

"ಎಲ್ಲಿಗೆ ಅಂತ ನೀನೇ ಹೇಳ್ಬೇಕಪ್ಪ. ಗಾಳಿ ಯಾವ ಕಡೆ?"

"ನಾನು ಹೇಳೋ ಹಾಗಿಲ್ಲಕ್ಕ."

ಅದನ್ನು ಕೇಳಿದ್ದೇ ತಡ, "ಹೇಳೋ ಹಾಗಿಲ್ವಂತೆ!" ಎಂದು ಯಾರೋ ಪಿಸುಗುಟ್ಟಿದರು. "ಅಂದ್ರೆ ಮುಗೀತು ನಮ್ಮ ಕತೆ" ಎಂದರು ಮೇಷ್ಟ್ರು, ಮೆಟ್ಟಿಲ ಮೇಲೆ ಕುಸಿದು.

"ಹಾಗಲ್ಲ ಮೇಷ್ಟ್ರೇ—"

"ಬೇಡಪ್ಪ, ನೀನು ಸಮಾಧಾನ ಹೇಳ್ಬೇಡ. ಎಷ್ಟು ಹೊತ್ತಿದೆ ಅದನ್ನ ಹೇಳು."

ದರ್ಜಿ ಅಕ್ಕ ಅಳತೊಡಗಿದಳು. ಇಪ್ಪತ್ತು ವರ್ಷ ತುಳಿದ ಯಂತ್ರವನ್ನು ಮಗುವಿನ ಬೆನ್ನು ಸವರಿದಂತೆ ಸವರುತ್ತಾ, "ಅಮ್ಮನಿಗೆ ನಡೆಯೋಕಾಗಲ್ಲ. ಗಾಡೀಲಿ ಇದನ್ನ ಇಡ್ಲೋ ಅವಳನ್ನ ಕೂರಿಸ್ಲೋ, ನೀನೇ ಹೇಳು" ಎಂದಳು. ಒಳಗಿನಿಂದ ಮುದುಕಿ, "ಯಂತ್ರಾನೇ ತಗೊಂಡು ಹೋಗೇ, ಅದು ಅನ್ನ ಹಾಕತ್ತೆ" ಎಂದು ಕೂಗಿದಳು.

ಮೋಡದಣ್ಣನ ಕರುಳು ಚುರುಕ್ಕೆಂದಿತು. ಹೊಟ್ಟೆಯೂ ಬೆಳಗಿನಿಂದ ಖಾಲಿ. ಗಾಳಿಯೇ ಇಲ್ಲ ಎಂದರೆ ಇವರು ನಂಬುವವರಲ್ಲ. ಅವನು ಮೆಟ್ಟಿಲ ಮೇಲೆ ನಿಂತು, ದನಿ ತಗ್ಗಿಸಿ ಹೇಳಿಯೇಬಿಟ್ಟ:

"ನಾನು ಹೇಳ್ದೆ ಅಂತ ಎಲ್ಲೂ ಬಾಯಿಬಿಡ್ಬೇಡಿ. ಗಾಳಿ ಪೂರ್ವಕ್ಕೆ ತಿರುಗಿದೆ. ಊರಿನ ಪೂರ್ವದ ಕಡೆಯವರು ಬೇಕಾದ್ರೆ ಹುಷಾರಾಗಿರಲಿ. ನಾವಿರೋದು ಪಶ್ಚಿಮ. ನಮಗೆ ಕೂದಲೂ ಕೊಂಕಲ್ಲ."

ಟವೆಲುಗಳು ಹೆಗಲಿಗಿಳಿದವು. ಯಂತ್ರ ಕಿಟಕಿಯ ಪಕ್ಕಕ್ಕೆ ಮರಳಿತು. ಮೇಷ್ಟ್ರು ಅವನ ಎರಡೂ ಕೈ ಹಿಡಿದು ಕುಲುಕಿದರು. ಮೋಡದಣ್ಣ ಹೊಟ್ಟೆ ತುಂಬ ಉಂಡು, ಒಂದು ಸುಳ್ಳಿನಿಂದ ಇಷ್ಟು ಜನರಿಗೆ ನೆಮ್ಮದಿ ಸಿಕ್ಕಿತಲ್ಲ ಎಂದುಕೊಳ್ಳುತ್ತಾ ಅಡ್ಡಾದ.

ಐದು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಸಾಹೇಬರು! ಮೂಗಿಗೆ ಮೂರು ಮಡಿಕೆಯ ಕರವಸ್ತ್ರ, ಹಿಂದೆ ಹೆಂಡತಿ, ಅತ್ತೆ, ನಾಲ್ಕು ಸೂಟ್‌ಕೇಸು, ಸುತ್ತಿದ ಹಾಸಿಗೆ. ಗುಡ್ಡದ ಮೇಕೆಗಳು ಮೋಡದಣ್ಣನ ಕಣ್ಣೆದುರು ಸಾಲುಗಟ್ಟಿದವು.

"ಸಾರ್, ನಾನು ಏನೂ—"

"ಮೊದ್ಲು ಒಳಗೆ ಬಿಡ್ರೀ. ನಿಮ್ಮ ಮನೆ ಪಶ್ಚಿಮದಲ್ಲೇ ಅಲ್ವೇನ್ರೀ? ಸದ್ಯ! ನಮ್ಮದು ಪೂರ್ವದ ಬಡಾವಣೆ. ಒಂದು ಹತ್ತು ದಿನ ಇಲ್ಲೇ ಇರ್ತೀವಿ."

"ಆತಂಕಪಡೋ ಅಗತ್ಯ ಇಲ್ಲ ಅಂತ ತಾವೇ ಪ್ರಕಟಣೆ..."

"ಅದು ಜನಕ್ಕೆ ಬರೆದದ್ದು ಕಣ್ರೀ!" ಸಾಹೇಬರು ದನಿ ತಗ್ಗಿಸಿದರು. "ನಮ್ಮನೆಯವಳ ರವಿಕೆ ಹೊಲಿಯೋ ಆಕೆ ಫೋನ್ ಮಾಡಿದ್ಲು. ಹವಾಮಾನದಲ್ಲಿ ತುಂಬಾ ತಿಳಿದಿರೋ ಯಾರೋ ದೊಡ್ಡ ಮನುಷ್ಯರು ಗುಟ್ಟಾಗಿ ಹೇಳಿದ್ರಂತೆ. ಅಂಥವರು ಸುಮ್ಸುಮ್ನೆ ಹೇಳ್ತಾರಾ?"

ಸುಳ್ಳೆಂದರೆ ಗುಡ್ಡ, ನಿಜವೆಂದರೆ ಹತ್ತು ದಿನ ಸಾಹೇಬರು.

"ಸುಮ್ಸುಮ್ನೆ ಹೇಳಲ್ಲ ಸಾರ್" ಎಂದು ಮೋಡದಣ್ಣ ಸೂಟ್‌ಕೇಸುಗಳನ್ನು ಎತ್ತಿಕೊಂಡ.

ಸಾಹೇಬರು ಅವನ ಮಂಚದ ಮೇಲೆ ಕಾಲು ಚಾಚಿ, ಕರವಸ್ತ್ರ ಬಿಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡರು.

"ಆಹಾ, ಗಾಳಿ ಅಂದ್ರೆ ಇದು! ನೋಡಿ, ನಾಳೆಯಿಂದ ನಾನು ಆಫೀಸಿಗೆ ಬರಲ್ಲ, ಅದೂ ಪೂರ್ವದಲ್ಲೇ ಇದೆ. ನೀವೊಬ್ರೇ ದಿನಾ ಎರಡು ಹೊತ್ತು ಹೋಗಿ, ಚಾವಣಿ ಹತ್ತಿ, ಗಾಳಿ ಎತ್ತ ಬೀಸ್ತಿದೆ ಅಂತ ನೋಡ್ಕೊಂಡು ಬಂದು ನಂಗೆ ಹೇಳಿ. ಆಮೇಲೆ ಒಳಗೆ ಬರೋ ಮುಂಚೆ ಸ್ನಾನ ಮಾಡಿ. ಹೊರಗೇ."