ಅತ್ತೆಯ ಅರೆತಲೆನೋವಿಗೆ ನನ್ನ ತುಂಬೆ ರಸ

ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಕಟ್ಟಿದವನಿಗೆ ಹಿತ್ತಲೇ ಇರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ನನಗೆ ಹಿತ್ತಲಿತ್ತು! ಹೊಳೆನರಸೀಪುರದ ತಾಲ್ಲೂಕು ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದ ಕಾಲ. ಮೈಸೂರು ರಾಜ್ಯ ದೊಡ್ಡದಾಗಿ ಒಂದೆರಡು ವರ್ಷವಾಗಿತ್ತಷ್ಟೆ. ರಾಜ್ಯದ ಹಾಗೆ ನನ್ನ ಹಿತ್ತಲೂ ವಿಸ್ತಾರವಾಗಲೆಂದು ಬೇಲಿಯನ್ನು ಒಂದು ಮೊಳ ಆಚೆಗೆ ಸರಿಸಿದೆ. ಪಕ್ಕದ ಮನೆಯವರು ಬೈದು, ಅದನ್ನು ಒಂದೂವರೆ ಮೊಳ ಈಚೆಗೆ ಹಾಕಿಸಿದರು.

ಉಳಿದ ಜಾಗದಲ್ಲೇ ನನ್ನ ವೈದ್ಯಕೀಯ ಸಾಮ್ರಾಜ್ಯ ತಲೆಯೆತ್ತಿತು. ಕೆಮ್ಮಿಗೆ ಆಡುಸೋಗೆ, ನೆಗಡಿಗೆ ದೊಡ್ಡಪತ್ರೆ, ಮರೆವಿಗೆ ಒಂದೆಲಗ, ಉರಿಗೆ ಲೋಳೆಸರ, ಬೇಲಿಯ ಮೇಲೆ ಅಮೃತಬಳ್ಳಿ. ಮೂಲೆಯಲ್ಲಿ ತುಂಬೆ. ತುಂಬೆಯನ್ನು ಎಲ್ಲರೂ ಕಳೆ ಎಂದು ಕಿತ್ತೆಸೆಯುತ್ತಾರೆ. ನಾನು ಅದಕ್ಕೆ ಪಾತಿ ಮಾಡಿ ನೀರು ಹಾಕುತ್ತಿದ್ದೆ.

"ಒಂದು ಸಾಲು ಬದನೆ ಹಾಕಿದ್ದರೆ ಹುಳಿಗಾದರೂ ಆಗ್ತಿತ್ತು," ಎನ್ನುತ್ತಿದ್ದಳು ನನ್ನ ಹೆಂಡತಿ ಸೀತು.

"ಬದನೆ ನಂಜು ಕಣೇ!" ಎಂದು ನಾನು ಗದರುತ್ತಿದ್ದೆ.

ಬೀದಿಯಲ್ಲಿ ಯಾರಾದರೂ ಕೆಮ್ಮಿದ ಸದ್ದು ಕೇಳಿದರೆ ಸಾಕು, ಆಡುಸೋಗೆ ಕಷಾಯದ ಲೋಟ ಹಿಡಿದು ಓಡುತ್ತಿದ್ದೆ. ಕ್ರಮೇಣ ನಮ್ಮ ಬೀದಿಯಲ್ಲಿ ಕೆಮ್ಮೇ ನಿಂತುಹೋಯಿತು. ಜನ ನಮ್ಮ ಮನೆ ದಾಟುವ ತನಕ ಉಸಿರು ಬಿಗಿಹಿಡಿದು ಹೋಗುತ್ತಾರೆಂದು ಸೀತು ಹೇಳಿದಳು. ನಾನು ನಂಬಲಿಲ್ಲ.

ಆ ವರ್ಷ ದೀಪಾವಳಿಗೆ ಅರಕಲಗೂಡಿನಿಂದ ನಮ್ಮ ಅತ್ತೆ ಬಂದರು. ಒಂದು ವಾರವಿದ್ದು ಹೋಗುತ್ತೇನೆ ಎಂದವರು ಸಂಕ್ರಾಂತಿಯ ಎಳ್ಳನ್ನೂ ನಮ್ಮಲ್ಲೇ ಬೀರಿದರು. ಶಿವರಾತ್ರಿ ಹತ್ತಿರ ಬರುತ್ತಿತ್ತು. ಕಾರಣ, ಅರೆತಲೆನೋವು. ಬೆಳಿಗ್ಗೆ ಸೂರ್ಯನ ಜೊತೆಯಲ್ಲೇ ಹಣೆಯ ಬಲಗಡೆ ಹುಟ್ಟುತ್ತಿತ್ತು, ಸೂರ್ಯನ ಜೊತೆಯಲ್ಲೇ ಏರುತ್ತಿತ್ತು, ಸೂರ್ಯನ ಜೊತೆಯಲ್ಲೇ ಮುಳುಗುತ್ತಿತ್ತು.

ನಮ್ಮ ಅತ್ತೆ ಹಳೆಯ ಸಂಪ್ರದಾಯದವರು. ಅಳಿಯನ ಜೊತೆ ನೇರವಾಗಿ ಮಾತಾಡುವವರಲ್ಲ. ನಾನು ಎದುರಿಗೇ ಕೂತಿದ್ದರೂ ಮಾತೆಲ್ಲ ಮಗಳ ಮೂಲಕವೇ.

"ಸೀತು, ಈ ತಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತರೆ ಎರಡು ಹೋಳಾಗುತ್ತೆ ಅಂತ ಹೇಳೇ ನಿನ್ನ ಯಜಮಾನರಿಗೆ. ನೋವು ಹೋದ ದಿವಸವೇ ನಾನು ಊರಿಗೆ ಹೊರಡೋದು. ಮತ್ತೆ, ಹಿತ್ತಲಲ್ಲಿ ಏನೋ ಕಾಡು ಬೆಳೆಸಿದಾರಲ್ಲ, ಆ ಜಾಗದಲ್ಲಿ ನಮ್ಮ ಎಮ್ಮೆ ಕಟ್ಟಬಹುದಿತ್ತು ಅಂತಲೂ ಹೇಳು."

ನೋವು ಹೋದರೆ ಅತ್ತೆ ಹೋಗುತ್ತಾರೆ! ಮೂರು ತಿಂಗಳಿಂದ ಅವರು ಕೋಣೆಯ ಮಂಚದ ಮೇಲೆ, ನಾನು ಜಗಲಿಯ ಚಾಪೆಯ ಮೇಲೆ. ಅವರ ಆರೋಗ್ಯಕ್ಕಾಗಿ ನನ್ನಷ್ಟು ಪ್ರಾಮಾಣಿಕವಾಗಿ ಹಂಬಲಿಸಿದವರು ಅವರ ವಂಶದಲ್ಲೇ ಇರಲಿಕ್ಕಿಲ್ಲ. ಆದರೆ ನನ್ನ ಸೊಪ್ಪೆಂದರೆ ಅವರು ಮೂಗು ಮುರಿಯುತ್ತಿದ್ದರು.

ಆಗ ದೇವರು ಕಳಿಸಿದ ಹಾಗೆ ಸೊಪ್ಪು ಮಾರುವ ಕೆಂಚಮ್ಮಜ್ಜಿ ಬಾಗಿಲಿಗೆ ಬಂದಳು. ಅತ್ತೆಯ ನರಳಾಟ ಕೇಳಿ, ಬುಟ್ಟಿ ಇಳಿಸಿ, ಕುಕ್ಕರುಗಾಲಲ್ಲಿ ಕೂತಳು.

"ತುಂಬೆ ಸೊಪ್ಪಿನ್ ರಸ ಮೂಗ್ಗೆ ಬಿಡಿ ಸಾಮಿ. ಆದ್ರೆ ಸುಮ್ಕೆ ಕಿತ್ತು ಬಿಡಂಗಿಲ್ಲ, ಅದುಕ್ಕೆ ನೇಮ ಅದೆ. ಮಂಗ್ಳವಾರ ವೊತ್ತುಮುಂಚೆ ಒಳೇಲಿ ಮುಳುಗ್ಬೇಕು. ವಸಾ ಕುಡ್ಕೇಲಿ ಒಳೆ ನೀರು ತುಂಬ್ಕೊಂಡು, ಮ್ಯಾಲೆ ಬಿಳೀ ಬಟ್ಟೆ ಕಟ್ಟಿ, ಒದ್ದೆ ಬಟ್ಟೇಲೇ ಬರ್ಬೇಕು. ಆ ನೀರಲ್ಲಿ ಸೊಪ್ಪು ಅರ್ದು ಮೂಗ್ಗೆ ಬಿಡಾಗಂಟ ಯಾರ್ ಮಾತಾಡ್ಸುದ್ರೂ ತುಟಿ ಪಿಟಕ್ ಅನ್ಬಾರ್ದು. ಮಾತಾಡುದ್ರೋ, ಮದ್ದು ಮಣ್ಣಾಯ್ತದೆ ಕಣ್ ಸಾಮಿ!"

ಅತ್ತೆಯ ಮುಖ ಅರಳಿತು. ಬರಿಯ ಸೊಪ್ಪನ್ನು ಎಮ್ಮೆಯೂ ತಿನ್ನುತ್ತದೆ. ಇಷ್ಟು ನೇಮವಿದ್ದ ಮೇಲೆ ಅದರಲ್ಲಿ ಏನೋ ಇದ್ದೇ ಇರಬೇಕು ಎಂದು ಅವರು ಮಗಳ ಮೂಲಕ ನನಗೆ ಒಪ್ಪಿಗೆ ಕೊಟ್ಟರು.

"ರೀ, ನಿಮಗೆ ಅರ್ಧ ಗಂಟೆ ಬಾಯಿ ಮುಚ್ಚಿಕೊಂಡಿರೋಕೆ ಆಗುತ್ತಾ?" ಎಂದಳು ಸೀತು.

"ಹನ್ನೆರಡು ವರ್ಷದಿಂದ ಕಚೇರೀಲಿ ಮತ್ತೇನು ಮಾಡ್ತಾ ಇದ್ದೀನಿ?" ಎಂದೆ.

ಮಂಗಳವಾರ ಬಂತು. ಚಳಿ ಇನ್ನೂ ಶಿವಶಿವಾ ಎಂದಿರಲಿಲ್ಲ. ಹೇಮಾವತಿಯಲ್ಲಿ ಮುಳುಗಿ ಎದ್ದಾಗ ನನ್ನ ಹಲ್ಲುಗಳು ತಾವಾಗಿಯೇ ಮಾತಾಡುತ್ತಿದ್ದವು. ಅದನ್ನು ಮಾತೆಂದು ಲೆಕ್ಕಕ್ಕೆ ಹಿಡಿಯಬಾರದೆಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಕೊಂಡೆ. ಕುಡಿಕೆಗೆ ನೀರು ತುಂಬಿ, ಅದರ ಬಾಯಿಗೆ ಬಿಳಿಯ ಬಟ್ಟೆ ಕಟ್ಟಿ, ಎರಡು ಕೈಯಲ್ಲೂ ಎದೆಗವಚಿಕೊಂಡು, ಒದ್ದೆ ಪಂಚೆಯಲ್ಲಿ ನಡುಗುತ್ತ ಹೊರಟೆ. ಹೊಳೆಯಿಂದ ಊರೊಳಗೆ ಬರುವ ದಾರಿ ಸುಡುಗಾಡಿನ ಮಗ್ಗುಲಲ್ಲೇ ಹಾದುಬರುತ್ತದೆ. ಈ ವಿಷಯ ಆ ಹೊತ್ತಿನಲ್ಲಿ ನನಗೆ ಹೊಳೆಯಲೇ ಇಲ್ಲ.

ಮೊದಲು ಸಿಕ್ಕವನು ಹಾಲಿನ ಬೋರ. ನನ್ನನ್ನು ನೋಡಿ ಹಾಲಿನ ಕ್ಯಾನು ಕೆಳಗಿಟ್ಟ.

"ಅಯ್ಯೋ ಸಾಮಿ! ಏನಿದು?"

ನಾನು ಬಾಯಿ ಬಿಡಲಿಲ್ಲ. ಅವನು ಕುಡಿಕೆಯನ್ನೇ ದಿಟ್ಟಿಸಿದ.

"ಅರಕಲಗೂಡಮ್ಮಾರ್ದಾ ಸಾಮಿ?"

ಬೋರ ಇಷ್ಟು ಚುರುಕೆಂದು ನನಗೆ ಗೊತ್ತಿರಲಿಲ್ಲ. ಅತ್ತೆಯ ಮದ್ದು ಅಂತ ನೋಡಿದೊಡನೆ ತಿಳಿದುಬಿಟ್ಟನಲ್ಲ! ಸಂತೋಷದಿಂದ ಜೋರಾಗಿ ತಲೆಯಾಡಿಸಿದೆ. ಅವನ ಕಣ್ಣಲ್ಲಿ ನೀರು ಬಂತು. ತಲೆನೋವಿಗೆ ಇಷ್ಟು ಮರುಕವೇ ಎಂದುಕೊಂಡು, ಇನ್ನಷ್ಟು ವಿವರಿಸೋಣವೆಂದು ಹಣೆಯ ಬಲಭಾಗವನ್ನು ಮುಟ್ಟಿ ತೋರಿಸಿದೆ.

"ಊಂ ಸಾಮಿ. ಅಣೇಲಿ ಬರ್ದಿದ್ದ ಯಾರ್ ತಪ್ಪುಸ್ತಾರೆ? ಮೊನ್ನೆ ಆಲು ನೀರಾಗದೆ ಅಂತ ನನ್ನ ಬಯ್ದಿದ್ರು, ಪುಣ್ಯಾತ್‌ಗಿತ್ತಿ!"

ಆಗ ನನಗೆ ತಲೆಗೆ ಹತ್ತಿತು. ಒದ್ದೆ ಬಟ್ಟೆ, ಮೌನ, ಸುಡುಗಾಡಿನ ದಾರಿ, ಎದೆಗವಚಿದ ಕುಡಿಕೆ! ಇವನು ಇದನ್ನು ಅತ್ತೆಯ ಅಸ್ಥಿ ಎಂದು ತಿಳಿದಿದ್ದಾನೆ! ಅಲ್ಲವೆಂದು ಕೂಗಬೇಕೆನ್ನಿಸಿತು. ಕೂಗಿದರೆ ಮದ್ದು ಮಣ್ಣು. ಮದ್ದು ಮಣ್ಣಾದರೆ ಅತ್ತೆ ಯುಗಾದಿಗೂ ಇಲ್ಲೇ. ಹಲ್ಲು ಕಚ್ಚಿ ಸುಮ್ಮನಾದೆ. ಸೂರ್ಯ ಏರುವುದರೊಳಗೆ ಮನೆ ಸೇರಬೇಕು, ದಾರಿ ಬಿಡು ಎನ್ನಲು ಆಕಾಶದ ಕಡೆ ಬೆರಳು ತೋರಿಸಿದೆ.

"ಊಂ ಸಾಮಿ, ಮ್ಯಾಲಕ್ಕೋಗ್ಬುಟ್ರು," ಎಂದು ಬೋರ ಬಿಕ್ಕಿದ.

ಉಳಿದದ್ದು ಒಂದೇ ದಾರಿ. ಅಂಥದ್ದೇನೂ ಆಗಿಲ್ಲ ಎಂದು ತಿಳಿಸಲು ಮೂವತ್ತೆರಡು ಹಲ್ಲೂ ಕಾಣುವ ಹಾಗೆ ನಕ್ಕೆ. ಬೋರ ಎರಡು ಹೆಜ್ಜೆ ಹಿಂದೆ ಸರಿದ.

"ಅಯ್ಯಯ್ಯೋ, ದುಃಖ ತಲ್ಗೇರ್‌ಬುಟ್ಟದೆ! ಬನ್ರಪ್ಪೋ!"

ಆ ಕೂಗಿಗೆ ಕೆಳಗಿನ ಬೀದಿಯ ಕೃಷ್ಣಪ್ಪ ಮೇಷ್ಟ್ರು ಓಡಿ ಬಂದರು. ನಿವೃತ್ತರು, ಪರಮ ಪರೋಪಕಾರಿ. ಅತ್ತೆ ಅರಕಲಗೂಡಿನಲ್ಲಿರುವ ಮಗ ರಾಮುವಿಗೆ ವಾರವಾರ ಬರೆಸುವ ಕಾರ್ಡುಗಳೆಲ್ಲ ಇವರ ಕೈಬರಹವೇ. ಬೋರ ಹೇಳಿದ್ದನ್ನು ಕೇಳಿದ್ದೇ ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟರು. ನಾನು ಕಾಲಿನ ಹೆಬ್ಬೆರಳಿಂದ ಮಣ್ಣಿನ ಮೇಲೆ 'ಅತ್ತೆ ಬದುಕಿದ್ದಾರೆ' ಎಂದು ದಪ್ಪಕ್ಷರದಲ್ಲಿ ಬರೆದೆ. ಮೇಷ್ಟ್ರು ಬಗ್ಗಿ ನೋಡಿದರು. ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದರು!

"ಕಾಲಲ್ಲಿ ನೆಲ ಕೆರೀತಾ ಇದ್ದಾರೆ, ಪಾಪ. ಎಷ್ಟು ಸಂಕಟವೋ! ನೀವೇನೂ ಯೋಚನೆ ಮಾಡಬೇಡಿ. ರಾಮುಗೆ ತಂತಿ ಕೊಡೋದು ನನ್ನ ಜವಾಬ್ದಾರಿ."

ಹಿಡಿಯೋಣವೆಂದರೆ ಕೈಯಲ್ಲಿ ಕುಡಿಕೆ. ಮೇಷ್ಟ್ರು ಆ ವಯಸ್ಸಿನಲ್ಲೂ ಅಂಚೆ ಕಚೇರಿಯ ಕಡೆ ಓಡಿದ ವೇಗವನ್ನು ನಾನು ಮರೆಯಲಾರೆ.

ತಿರುವಿನಲ್ಲಿ ನಮ್ಮ ಶಿರಸ್ತೇದಾರರು ಬೆಳಗಿನ ವಾಯುಸೇವನೆಗೆ ಬಂದಿದ್ದರು. ಅಷ್ಟರಲ್ಲಿ ನನ್ನ ಹಿಂದೆ ಇಪ್ಪತ್ತು ಜನ ಸೇರಿದ್ದರು. ಸಾಹೇಬರು ಟೋಪಿ ತೆಗೆದು, "ಮೂರು ದಿವಸ ರಜಾ ತಗೊಳ್ರಿ," ಎಂದರು. ಮೇಲಧಿಕಾರಿಗಳು ಏನೇ ಹೇಳಿದರೂ ತಲೆಯಾಡಿಸುವುದು ಹನ್ನೆರಡು ವರ್ಷದ ಅಭ್ಯಾಸ. ಆಡಿಸಿದೆ.

ಮನೆಗೆ ಬಂದವನೇ ಹಿಂದಿನಿಂದ ಹೋಗಿ ತುಂಬೆ ಕಿತ್ತೆ, ಅರೆದೆ, ಹಿಂಡಿದೆ. ಹಿಂದಿನ ರಾತ್ರಿಯೇ ನಾನು ಹೇಳಿದ್ದ ಪ್ರಕಾರ ಅತ್ತೆ ನಡುಮನೆಯಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿ, ಕುತ್ತಿಗೆಯವರೆಗೆ ಬಿಳಿಯ ಪಂಚೆ ಹೊದ್ದು, ಕಣ್ಣು ಮುಚ್ಚಿಕೊಂಡಿದ್ದರು. ನಾನು ರಸದ ಬಟ್ಟಲು ಹಿಡಿದು ಪಕ್ಕದಲ್ಲಿ ಮಂಡಿಯೂರುವುದಕ್ಕೂ ಮುಂಬಾಗಿಲಲ್ಲಿ ಜನ ನುಗ್ಗುವುದಕ್ಕೂ ಸರಿಹೋಯಿತು.

ಹೆಂಗಸರು ಗೊಳೋ ಎಂದರು. ಬೋರ ಮಾತ್ರ ಚಾಪೆಯ ಮೇಲಿದ್ದ ಅತ್ತೆಯನ್ನೂ ಮೂಲೆಯಲ್ಲಿದ್ದ ಕುಡಿಕೆಯನ್ನೂ ಮತ್ತೆ ಮತ್ತೆ ನೋಡಿ, ನಡುಗುವ ದನಿಯಲ್ಲಿ ಕೇಳಿದ:

"ಅಮ್ಮಾರು ಇಲ್ಲೇ ಅವ್ರೆ. ಅಂಗಾರೆ ಕುಡ್ಕೇಲಿರೋರು ಯಾರು?"

ಗಾಬರಿಯಲ್ಲಿ ಬಟ್ಟಲನ್ನು ಪೂರ್ತಿ ಬಗ್ಗಿಸಿಬಿಟ್ಟೆ. ಎರಡು ಹನಿ ಬೀಳಬೇಕಾದಲ್ಲಿ ಬಟ್ಟಲಿಗೆ ಬಟ್ಟಲೇ ಮೂಗಿಗೆ ಹೋಯಿತು.

ಹೆಣ ಸೀನಿತು!

ಒಂದಲ್ಲ, ಏಳು ಸಲ. ಮೊದಲನೆಯ ಸೀನಿಗೆ ಬೋರ ಕ್ಯಾನು ಬಿಟ್ಟು ಬೀದಿಗೆ ಹಾರಿದ. ಮೂರನೆಯದಕ್ಕೆ ನಡುಮನೆ ಖಾಲಿಯಾಯಿತು. ಏಳನೆಯದಕ್ಕೆ ಅತ್ತೆ ಎದ್ದು ಕೂತು, ಕಣ್ಣು ಮೂಗು ಒರೆಸಿಕೊಂಡು, ಹಣೆ ಮುಟ್ಟಿ ನೋಡಿಕೊಂಡರು.

"ಸೀತು! ನೋವು ಹೋಯ್ತು ಕಣೇ! ತಲೆ ಹತ್ತಿಯಾಗಿದೆ! ಅದ್ಯಾರೇ ಅಷ್ಟೊಂದು ಜನ ಬಂದು ಅತ್ತು ಹೋದರು?"

"ಗೆದ್ದೆ!" ಎಂದು ನಾನು ಕೂಗಿದೆ. ಆ ದಿನದ ನನ್ನ ಮೊದಲ ಮಾತು ಅದು. ಸೂರ್ಯ ನೆತ್ತಿಗೆ ಬಂದರೂ ನೋವು ಬರಲಿಲ್ಲ. ಅತ್ತೆ ಸಾರನ್ನ ಚಪ್ಪರಿಸಿ ಉಂಡು, ಸೀರೆಗಳನ್ನು ಗಂಟು ಕಟ್ಟಿದರು. ನಾನು ಬಸ್ ಸ್ಟ್ಯಾಂಡಿಗೆ ಓಡಿ, ಅರಕಲಗೂಡಿನ ಮಧ್ಯಾಹ್ನದ ಬಸ್ಸಿನಲ್ಲಿ ಕುಲುಕಾಟ ಕಡಿಮೆಯಿರುವ ಮುಂದಿನ ಸೀಟು ಇಡಲು ಕಂಡಕ್ಟರಿಗೆ ಹೇಳಿ ಬಂದೆ. ಆ ರಾತ್ರಿ ನನ್ನ ಮಂಚ ನನಗೇ ಎಂಬ ಸಂತೋಷದಲ್ಲಿ ಒಂದು ಮುಖ್ಯ ವಿಷಯವನ್ನು ಮರೆತೇಬಿಟ್ಟಿದ್ದೆ. ಹಿತ್ತಲಲ್ಲಿ ಒಂದೆಲಗ ಬೆಳೆದದ್ದೇ ಬಂತು!

ಮೇಷ್ಟ್ರ ತಂತಿ!

ಎರಡು ಗಂಟೆಗೆ ಬಾಗಿಲಲ್ಲಿ "ಅಮ್ಮಾ!" ಎಂಬ ಆರ್ತನಾದ. ಭಾವಮೈದ ರಾಮು ಹೊಸ್ತಿಲ ಮೇಲೆ ಕುಸಿದು ಮಗುವಿನಂತೆ ಅಳುತ್ತಿದ್ದ. ಅವನ ಹೆಂಡತಿ ಜಯಮ್ಮ ಒಂದು ಸಲ ಅತ್ತು, ಸೆರಗಲ್ಲಿ ಮುಖ ಒರೆಸಿಕೊಂಡು, ಸೀತುವನ್ನು ಮೂಲೆಗೆ ಕರೆದಳು.

"ಅಲ್ಲ ಸೀತು, ಅತ್ತೆ ಕೊನೆಗಾಲದಲ್ಲಿ ಬೀರುವಿನ ಬೀಗದಕೈ ಯಾರ ಕೈಗೆ ಕೊಟ್ಟರು?"

"ಯಾರ ಕೈಗೂ ಕೊಟ್ಟಿಲ್ಲ ಕಣೇ, ನನ್ನ ಸೊಂಟದಲ್ಲೇ ಇದೆ!" ಎಂದಿತು ಅಡುಗೆಮನೆ.

ಮುಂದಿನದನ್ನು ವಿವರಿಸುವ ಶಕ್ತಿ ನನಗಿಲ್ಲ. ಅತ್ತೆ ಹೊರಗೆ ಬಂದು ಮಗನ ತಲೆ ಸವರಿದರು. ಸೊಸೆಯನ್ನು ಸುಮ್ಮನೆ ಒಮ್ಮೆ ನೋಡಿದರು. ಆಮೇಲೆ ಕಟ್ಟಿಟ್ಟಿದ್ದ ಗಂಟನ್ನು ನನ್ನ ಕಣ್ಣೆದುರಿಗೇ ಬಿಚ್ಚತೊಡಗಿದರು. ಬಿಚ್ಚುತ್ತಲೇ, ಮದುವೆಯಾದ ಹತ್ತು ವರ್ಷದಲ್ಲಿ ಮೊದಲ ಬಾರಿಗೆ, ನನ್ನ ಕಡೆ ತಿರುಗಿ ನೇರವಾಗಿ ಮಾತಾಡಿದರು.

"ಅಳಿಯಂದಿರೇ, ನನ್ನ ತಲೆನೋವಿಗೆ ಅಂತ ಆ ಚಳೀಲಿ ಹೊಳೇಲಿ ಮುಳುಗಿದೋರು ನೀವು. ಊರೋರೆಲ್ಲ ಏನೇನೋ ಅಂದರೂ, ನನ್ನ ನೋವು ಹೋಗಲಿ ಅಂತ ತುಟಿ ಎರಡು ಮಾಡಲಿಲ್ಲ. ಹೊಟ್ಟೇಲಿ ಹುಟ್ಟಿದೋರು ಇಷ್ಟು ಮಾಡ್ತಾರಾ? ಇನ್ನು ನಾನು ಎಲ್ಲಿಗೂ ಹೋಗೋಳಲ್ಲ. ನನ್ನ ಕೊನೆಗಾಲ ನಿಮ್ಮ ಮನೇಲೇ."

ಅವರ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ಕಾರಣ ಬೇರೆ, ಅಷ್ಟೆ. ಈಗ ನನ್ನ ಮೇಲೆ ಯಾವ ನೇಮವೂ ಇರಲಿಲ್ಲ, ಬಾಯಿ ತುಂಬ ಮಾತಾಡಬಹುದಿತ್ತು. ಒಂದು ಮಾತೂ ಹೊರಡಲಿಲ್ಲ.

ಮರುದಿನ ಕಚೇರಿಯಲ್ಲಿ ಶಿರಸ್ತೇದಾರರು, ಅತ್ತೆಯವರು ತೀರಿಕೊಳ್ಳದೆ ಇದ್ದುದಕ್ಕೆ ಸಮಜಾಯಿಷಿ ಕೇಳಿದರು. 'ಸದರಿಯವರು ಏಳು ಬಾರಿ ಸೀನಿದ ಪ್ರಯುಕ್ತ ರಜೆಯ ಅವಶ್ಯಕತೆ ಬೀಳಲಿಲ್ಲವೆಂದು ಅರಿಕೆ' ಎಂದು ಬರೆದುಕೊಟ್ಟೆ.

ವಾರದೊಳಗೆ ಅರಕಲಗೂಡಿನಿಂದ ಎಮ್ಮೆ ಬಂತು. ಹಿತ್ತಲಲ್ಲಿ ಗೂಟ ಹೊಡೆಸಲಾಯಿತು. ಮೊದಲ ದಿನ ಒಂದೆಲಗ, ಎರಡನೆಯ ದಿನ ದೊಡ್ಡಪತ್ರೆ, ಮೂರನೆಯ ದಿನ ಅಮೃತಬಳ್ಳಿಯ ಜೊತೆ ಅರ್ಧ ಬೇಲಿ. ತುಂಬೆಯ ಪಾತಿಯನ್ನು ಅದು ಮಲಗಲು ಆರಿಸಿಕೊಂಡಿತು. ನನ್ನ ಔಷಧಗಳ ಗುಣವನ್ನು ಪೂರ್ಣವಾಗಿ ಅನುಭವಿಸಿದ ಏಕೈಕ ಜೀವ ಅದೇ. ಒಂದು ದಿನವೂ ಕೆಮ್ಮಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಜಗಲಿಯ ಚಾಪೆಯಿಂದ ಎದ್ದವನಿಗೆ ಹಣೆಯ ಬಲಗಡೆ ಚಳಕ್ ಎಂದಿತು. ಸೂರ್ಯ ಏರಿದಂತೆ ಅದೂ ಏರಿತು. ಅತ್ತೆ ಒಳಗಿನಿಂದ, "ಅಳಿಯಂದಿರೇ, ಹೊಳೆಗೆ ಹೋಗಿ ಬನ್ನಿ, ಕುಡಿಕೆ ತೊಳೆದಿಟ್ಟಿದ್ದೀನಿ," ಎಂದರು. ನಾನು ಒಣಗಿದ ಪಂಚೆ ಉಟ್ಟು, ಇಸ್ತ್ರಿ ಅಂಗಿ ತೊಟ್ಟು, ಪೇಟೆ ಬೀದಿಯ ಅಂಗಡಿಗೆ ತಲೆನೋವಿನ ಮಾತ್ರೆ ತರಲು ಹೊರಟೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ, ಕೇಳದವರನ್ನೂ ತಡೆದು ನಿಲ್ಲಿಸಿ, ಗಂಟಲು ಹರಿಯುವಂತೆ ಹೇಳುತ್ತಾ ಹೋದೆ:

"ತಲೆನೋವು ನನಗೇ ಕಣ್ರೀ! ನಮ್ಮ ಅತ್ತೆ ಚೆನ್ನಾಗಿದ್ದಾರೆ. ಬಹಳ ಚೆನ್ನಾಗಿದ್ದಾರೆ!"