ಹತ್ತನೆಯ ಬಟ್ಟಲು

ಅಕ್ಕಿ ಗಿರಣಿ ಇರುವ ಮನೆಯಲ್ಲಿ ಕಬ್ಬಿಣದ ಸಾಮಾನು ಇಟ್ಟ ಜಾಗದಲ್ಲಿ ಇರುವುದಿಲ್ಲ. ನಾನು ಮದ್ರಾಸಿನಲ್ಲಿ ಬಿ.ಎ. ಮುಗಿಸಿ ಕಂಪ್ಲಿಯ ಈ ಮನೆಗೆ ಸೊಸೆಯಾಗಿ ಬಂದವಳು. ಸೌಟಿನಿಂದ ಸಲಿಕೆಯವರೆಗೆ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟೆ. ಆದರೂ ಇಂಥವು ನಡೆದವು.

ಬೆರಳಿನ ಅಳತೆ

ಯುದ್ಧದ ಕಾಲ, ನಟ್ಟು ಬಿಚ್ಚುವ ಹೊಸ ಪಾನಾ ಸಿಗುತ್ತಿರಲಿಲ್ಲ. ಮಾವನವರು ಹೊಸಪೇಟೆಯ ಗುಜರಿಯಿಂದ ತುಕ್ಕು ಹಿಡಿದ ಪೆಟ್ಟಿಗೆಯೊಂದನ್ನು ತಂದರು. ಒಳಗೆ, ಒಂದು ಕಡೆ ಮಾತ್ರ ಬಿಗಿಹಿಡಿದು ಇನ್ನೊಂದು ಕಡೆ ಸುಮ್ಮನೆ ಜಾರುವ ಒಂದು ರಾಚೆಟ್ ಹಿಡಿ, ಅದರ ತುದಿಗೆ ಸಿಕ್ಕಿಸಿ ನಟ್ಟು ತಿರುಗಿಸುವ ಹತ್ತು ಬಟ್ಟಲುಗಳು. ಗಿರಣಿಯ ಮಿಸ್ತ್ರಿ ಅವನ್ನು ವಾರವಿಡೀ ಸೀಮೆಎಣ್ಣೆಯಲ್ಲಿ ನೆನೆಸಿ ಉಜ್ಜಿದ. ತುಕ್ಕಿನ ಜೊತೆ ಅಳತೆಯ ನಂಬರುಗಳೂ ಹೋದವು.

"ಚಿಂತಿ ಬ್ಯಾಡ್ರಿ ಅಮ್ಮಾರ" ಎಂದು ಒಂದೊಂದನ್ನೇ ಬೆರಳಿಗೆ ತೊಡಿಸಿ, "ಇದು ಕಿರುಬೆರಳು, ಇದು ಹೆಬ್ಬೆರಳಿನ ಗೆಣ್ಣು" ಎಂದ. ಹಾಗೆಯೇ ಬರೆದುಕೊಂಡೆ.

ಮರುವಾರ ಅವನ ಕೈಮೇಲೆ ಸುತ್ತಿಗೆ ಬಿತ್ತು. ಹೆಬ್ಬೆರಳಿನ ಬಟ್ಟಲು ಕೇಳಿದರೆ ಊದಿದ ಕೈ ತೋರಿಸಿ ಹೇಳಿದ:

"ಬಾವು ಇಳಿಯೋತನಕ ಪುಸ್ತಕ ಮುಚ್ಚಿಡ್ರಿ."

ಒಂದೇ ಕಡೆಯ ಕೆಲಸ

ರಾಚೆಟ್ಟಿಗೆ ಎಣ್ಣೆ ಬಿಟ್ಟು ಮಿಸ್ತ್ರಿ ಮಾವನವರ ಕೈಗೆ ಕೊಟ್ಟ. ಅವರು ಮುಂದಕ್ಕೆ ತಿರುಗಿಸಿದರು, ಬಿಗಿಯಾಯಿತು. ಹಿಂದಕ್ಕೆ ಎಳೆದರು, ಕಟಕಟ ಎಂದಿತು.

"ಕೆಡಿಸಿದೆಲ್ಲೋ! ಒಂದು ಕಡೆ ಕೆಲಸ ಮಾಡ್ತೈತಿ, ಇನ್ನೊಂದು ಕಡೆ ಬರೇ ಗದ್ದಲ."

ಅಕ್ಕಿ ಆರಿಸುತ್ತಿದ್ದ ಅತ್ತೆಯವರು ತಲೆ ಎತ್ತದೆ ಹೇಳಿದರು: "ನಲವತ್ತು ವರ್ಷ ಅಂಥಾದರ ಜೋಡಿ ನಾನು ಬಾಳೇವು ಮಾಡಿಲ್ಲೇನು? ಇಟಗೊಳ್ರಿ."

ಮಿಸ್ತ್ರಿಯ ಆಣೆ

ಸುಗ್ಗಿಯಲ್ಲಿ ಎಂಜಿನ್ ನಿಂತಿತು. ಮೆಟ್ರಿ ಹಳ್ಳಿಯಿಂದ ಬಂದ ಭತ್ತದ ಬಂಡಿಗಳು ಬೀದಿಯ ತುದಿಯವರೆಗೆ ಕಾದಿದ್ದವು. ಎಂಜಿನ್ನಿನ ತಲೆ ಬಿಚ್ಚಬೇಕು; ಅದರ ನಟ್ಟುಗಳು ಆಳದ ಗುಂಡಿಯಲ್ಲಿ, ಎಲ್ಲಕ್ಕಿಂತ ಉದ್ದದ ಹತ್ತನೆಯ ಬಟ್ಟಲಿಗೆ ಮಾತ್ರ ಎಟುಕುವಂಥವು. ಪೆಟ್ಟಿಗೆ ತೆರೆದರೆ ಒಂಬತ್ತೇ ಇದ್ದವು.

ಪೆಟ್ಟಿಗೆಯನ್ನು ಮುಟ್ಟುತ್ತಿದ್ದವನು ಮಿಸ್ತ್ರಿ ಒಬ್ಬನೇ. ಎಲ್ಲರೂ ಅವನ ಮುಖ ನೋಡಿದರು. ನಾನು ಪುಸ್ತಕ ತಂದು ಎಲ್ಲರೆದುರು ಹೇಳಿದೆ: "ಪುಸ್ತಕದಲ್ಲಿ ಇದ್ದದ್ದು ಮನೆಯಲ್ಲಿ ಇರಲೇಬೇಕು."

ಅವನ ಕಣ್ಣು ತುಂಬಿತು. "ಹದಿನೆಂಟು ವರ್ಷ ಈ ಮನಿ ಉಪ್ಪು ತಿಂದೀನ್ರಿ. ಕಳ್ಳ ಅನ್ನಿಸ್ಕೊಂಡು ಹೊಸ್ತಿಲು ದಾಟೂದಿಲ್ಲ. ದೇವರ ಮುಂದ ದೀಪ ಮುಟ್ಟಿ ಆಣಿ ಮಾಡ್ತೀನಿ."

ಕೈಕಾಲು ತೊಳೆದು ದೇವರ ಮನೆಗೆ ಹೋದ. ನಾವೆಲ್ಲ ಹಿಂದೆ ನಿಂತೆವು. ದೀಪಕ್ಕೆ ಕೈ ಚಾಚಿದವನು ಹಾಗೇ ನಿಂತುಬಿಟ್ಟ. ದೀಪದ ಪಕ್ಕದಲ್ಲಿ, ವಿಭೂತಿಯ ಮೂರು ಪಟ್ಟೆ ಬಳಿದುಕೊಂಡು, ನೆತ್ತಿಯ ಚೌಕ ತೂತಿನಲ್ಲಿ ಊದಿನಕಡ್ಡಿ ಹೊತ್ತು, ಹತ್ತನೆಯ ಬಟ್ಟಲು ಕೂತಿತ್ತು.

"ಅಂಗಳದಾಗ ಒಣಗಾಕ ಇಟ್ಟಿದ್ರು, ಚಂದ ಕಾಣ್ತು, ತಗೊಂಡು ಬಂದೆ" ಎಂದರು ಅತ್ತೆ. "ಈಗ ಅದು ದೇವರದು. ಮೈ ತೊಳಕೊಂಡು ಬಂದು ಮುಟ್ಟಲಿ."

ಮಿಸ್ತ್ರಿ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ನಟ್ಟು ಬಿಚ್ಚಿದ. ಸಂಜೆಗೆ ಎಂಜಿನ್ ಉಸಿರಾಡಿತು. ನಾನು ಅವನ ಕ್ಷಮೆ ಕೇಳಿದೆ. ಅವನು ಬಟ್ಟಲನ್ನು ತೊಳೆದು ದೇವರ ಮುಂದಿಟ್ಟು, "ಪುಸ್ತಕ ಸ್ವಲ್ಪ ನೋಡ್ರಿ ಅಮ್ಮಾರ" ಎಂದ.

ದೇವರ ಮನೆಯ ಪುಟ ತೆರೆದೆ. ನನ್ನದೇ ದುಂಡು ಅಕ್ಷರ: "ಊದಿನಕಡ್ಡಿ ಬಟ್ಟಲು, ಕಬ್ಬಿಣದ್ದು, ಒಳಗೆ ಆರು ಮೂಲೆ, ನೆತ್ತಿಗೆ ಚೌಕ ತೂತು: ಒಂದು."

ಓದಿ ಹೇಳಿದೆ. ಮಿಸ್ತ್ರಿ ನಗಲಿಲ್ಲ. ಕೈ ಮುಗಿದು ಅಂದ:

"ಅದಕ್ಕರೀ. ಪುಸ್ತಕದಾಗ ಇದ್ದದ್ದು ಮನಿಯಾಗ ಇತ್ತು."