ನಿಂಬೆ ಸಿಪ್ಪೆಯ ಕ್ಯಾನಿಗೆ, ಪಾರ್ಟು ಕಳೆದುಕೊಂಡ ರಾಜನಿಂದ

ಮುಂದೆ ಜಮಖಾನೆಯ ಮೇಲೆ ಕಾಲು ಮಡಚಿ ಕುಳಿತ ತಾಯಂದಿರೇ, ಹಿಂದೆ ಟ್ರ್ಯಾಕ್ಟರಿನ ಮೇಲೆ ಹತ್ತಿ ನಿಂತ ಅಣ್ಣತಮ್ಮಂದಿರೇ, ಶೇಂಗಾದ ಸಿಪ್ಪೆಯನ್ನು ಮುಂದಿನವರ ತಲೆಯ ಮೇಲೆ ಚೆಲ್ಲುತ್ತಿರುವ ರಸಿಕರೇ, ಕೊರ್ಲಹಳ್ಳಿಯ ಸಮಸ್ತ ಮಹಾಜನರೇ! ಈ ಪತ್ರ ನಿಮಗಲ್ಲ. ಆದರೆ ನೀವೆಲ್ಲರೂ ಕೇಳುವಂತೆ ದೊಡ್ಡ ದನಿಯಲ್ಲಿ ಓದಬೇಕಾದ ಪತ್ರ. ಸಣ್ಣ ದನಿಯಲ್ಲಿ ಓದೋಣವೆಂದರೆ ಅದು ನನಗೆ ಹುಟ್ಟಿನಿಂದಲೇ ಬಂದಿಲ್ಲ.

ಮಾನ್ಯರೇ,

ನಮ್ಮ ಅಡುಗೆಮನೆಯ ಮೂಲೆಯಲ್ಲಿ, ನೀರಿನ ಕೊಡದ ಮಗ್ಗುಲಿಗೆ, ಬೆಲ್ಲದ ನೀರನ್ನೂ ನಿಂಬೆಯ ಸಿಪ್ಪೆಯನ್ನೂ ಉದರದಲ್ಲಿ ಧರಿಸಿ ವಿರಾಜಮಾನರಾಗಿರುವ ಐದು ಲೀಟರಿನ ಹಳೆಯ ಎಣ್ಣೆ ಕ್ಯಾನಿನವರಾದ ತಮ್ಮ ಸನ್ನಿಧಾನಕ್ಕೆ ಮೂಕಪ್ಪನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಆರೋಗ್ಯ ಹೇಗಿದೆ ಎಂದು ಕೇಳುವ ಅಗತ್ಯವಿಲ್ಲ. ಅದರ ವಾಸನೆ ಓಣಿಯ ತುದಿಯವರೆಗೂ ಗೊತ್ತಾಗಿದೆ.

ತಾವು ನಮ್ಮ ಮನೆಯಲ್ಲಿ ಪಟ್ಟಕ್ಕೇರಿದ್ದು ನನ್ನ ಧರ್ಮಪತ್ನಿ ಉಡಚವ್ವ ಗದಗಿನಲ್ಲಿ ರಾಸಾಯನಿಕವಿಲ್ಲದೆ ಮನೆ ತೊಳೆಯುವುದನ್ನು ಕಲಿಸುವ ಹೆಣ್ಣುಮಕ್ಕಳ ತರಬೇತಿಯೊಂದಕ್ಕೆ ಹೋಗಿ ಬಂದ ಮೇಲೆ. ಅಂದಿನಿಂದ ನಮ್ಮಲ್ಲಿ ಫಿನೈಲಿಗೆ ಗಡೀಪಾರು, ಸೋಪಿನ ಪುಡಿಗೆ ವನವಾಸ. ಪಾತ್ರೆಗೆ ಅಂಟುವಾಳದ ನೊರೆ, ತಾಮ್ರದ ಕೊಡಕ್ಕೆ ಹುಣಸೆಹಣ್ಣು ಮತ್ತು ಉಪ್ಪು, ಬಚ್ಚಲಿಗೆ ಅಡುಗೆ ಸೋಡಾ, ನೆಲಕ್ಕೆ ಸಾಕ್ಷಾತ್ ತಾವು! ಸೋಡಾ ಅಂಗಡಿಯವರು ಹಿಂಡಿ ಎಸೆದ ಸಿಪ್ಪೆಗೆ ಇಂಥ ಪಟ್ಟಾಭಿಷೇಕವಾದದ್ದನ್ನು ನಾನು ಯಾವ ರಂಗದ ಮೇಲೂ ಕಂಡವನಲ್ಲ. ತಾವು ಮೂರು ತಿಂಗಳು ಹುಳಿತು ಹದಕ್ಕೆ ಬರಬೇಕು, ಅಲ್ಲಿಯವರೆಗೆ ದಿನಕ್ಕೊಮ್ಮೆ ಯಾರಾದರೂ ತಮ್ಮ ಮುಚ್ಚಳ ಸಡಿಲಿಸಿ ಒಳಗಿನ ಗಾಳಿ ಬಿಡಬೇಕು. ತವರೂರು ಬೆಳ್ಳಟ್ಟಿಗೆ ಹೊರಟ ಉಡಚವ್ವ ಹೊಸ್ತಿಲಲ್ಲಿ ನಿಂತು ಇದನ್ನು ಸ್ಪಷ್ಟವಾಗಿಯೇ ಹೇಳಿದ್ದಳು: "ಇಲ್ಲಿ ಕೇಳ್ರಿ, ದಿನಾ ಒಮ್ಮಿ ಇದರ ಮುಚ್ಚಳ ಸಡ್ಲ ಮಾಡ್ರಿ. ಮರತ್ರ ಹೊಟ್ಟಿ ಉಬ್ಬಿ ಸಿಡೀತೈತಿ."

"ಹೂಂ" ಎಂದಿದ್ದೆ. ಆದರೆ ಮಾನ್ಯರೇ, ಆ ಹೂಂಕಾರ ಗಂಡನದಲ್ಲ, ರಾಜನದು. ವರ್ಷಗಟ್ಟಲೆ ಭರ್ಜಿ ಹಿಡಿದು ಸಿಂಹಾಸನದ ಪಕ್ಕದಲ್ಲಿ ತುಟಿ ಬಿಚ್ಚದೆ ನಿಂತ ನನಗೆ ಈ ಸಲದ ಊರ ನಾಟಕದಲ್ಲಿ ರಾಜನ ಪಾರ್ಟು ಒಲಿದಿತ್ತು. ಉಸಿರು ಬಿಗಿಹಿಡಿದು ಒಂದೇ ದಮ್ಮಿಗೆ ಹೇಳಬೇಕಾದ ಉದ್ದುದ್ದ ಮಾತುಗಳು! ಕೇಳುವವರು ಬೇಡವೇ? ಬೆಕ್ಕು ಓಡಿಹೋಯಿತು. ನೆರೆಯವರು ಕಿಟಕಿ ಹಾಕಿಕೊಂಡರು. ಕದಲದೆ ಕುಳಿತು ಕೇಳಿದವರು ತಾವೊಬ್ಬರೇ. ದಿನದಿಂದ ದಿನಕ್ಕೆ ತಮ್ಮ ಮೈ ಉಬ್ಬುತ್ತಿದ್ದುದನ್ನು ಕಂಡು, ಆಹಾ, ನನ್ನ ವೀರರಸಕ್ಕೆ ಪ್ಲಾಸ್ಟಿಕ್ಕೂ ಎದೆಯುಬ್ಬಿಸಿತಲ್ಲ ಎಂದು ನಾನು ಇನ್ನಷ್ಟು ಗರ್ಜಿಸಿದೆ. ಮುಚ್ಚಳದ ನೆನಪಾದದ್ದು ನಾಟಕದ ತಾಲೀಮಿಗೆ ಹೊರಡುವ ಘಳಿಗೆಯಲ್ಲಿ, ಮೈಮೇಲೆ ಒಗೆದ ಬಿಳಿ ಧೋತರವಿದ್ದಾಗ. ಅರ್ಧ ತಿರುವಿದೆನೋ ಇಲ್ಲವೋ, ಮುಚ್ಚಳ ಜಂತಿಗೆ ಹಾರಿತು, ತಾವು ನನ್ನ ನೆತ್ತಿಯಿಂದ ಹಿಮ್ಮಡಿಯವರೆಗೆ ಅಭಿಷೇಕ ಮಾಡಿದಿರಿ.

ಹುಳಿತ ಬೆಲ್ಲದ ವಾಸನೆ ಎಂದರೆ ನಮ್ಮ ಕಡೆಯ ಜನಕ್ಕೆ ಒಂದೇ ವಸ್ತು ನೆನಪಾಗುತ್ತದೆ: ಕಳ್ಳಭಟ್ಟಿ. ಇದು ತಮಗೂ ಗೊತ್ತಿರಬೇಕು. ಕುಡಿದು ಬಂದವನು ತಾಲೀಮಿನ ಚಾಪೆ ಮೆಟ್ಟಕೂಡದು ಎಂಬುದು ನಾಟಕ ಕಲಿಸುವ ಜಹಾಂಗೀರ ಮಾಸ್ತರರ ಶಪಥ. ಹೊತ್ತಾಯಿತೆಂದು ಟವೆಲಿನಿಂದ ಮೈ ಒರೆಸಿಕೊಂಡು ಓಡಿ ಹೋದ ನನ್ನನ್ನು ಕಂಡೊಡನೆ ಅವರು ಹಾರ್ಮೋನಿಯಂ ನಿಲ್ಲಿಸಿದರು.

"ಮೂಕಪ್ಪಾ, ಬಾಯಿ ತಗಿ."

"ಬಾಯಿ ಅಲ್ರಿ ಮಾಸ್ತರ, ಧೋತರ ವಾಸನಿ ಬರಾಕತ್ತೈತಿ."

"ಅಂದ್ರ ಧೋತರಕ್ಕೂ ಕುಡಿಸೀಯೇನೋ!"

"ಖರೇನ ಹೇಳ್ತೀನ್ರಿ, ಇದು ನೆಲಾ ಒರಸೋ ನೀರು!"

ಆಗ ಮಂತ್ರಿಯ ಪಾರ್ಟಿನ ಸೋಮೇಶ, ಯಾರೂ ಕೇಳದಿದ್ದರೂ, ಬಾಯಿ ಹಾಕಿದ: "ಹೌದ್ರಿ ಮಾಸ್ತರ, ಕುಡದವ್ರೆಲ್ಲಾ ಕಡೀಕ ನೆಲಾ ಒರಸೋರ ಅಲ್ಲೇನ್ರಿ!"

ತಾಲೀಮಿನ ಮನೆ ನಕ್ಕು ನೆಲಕ್ಕುರುಳಿತು. ಆ ನಗೆ ಅಡಗುವುದರೊಳಗೆ ನನ್ನ ಕಿರೀಟ ಸೋಮೇಶನ ತಲೆಯ ಮೇಲಿತ್ತು. "ನಿನಗ ಕುಡುಕನ ಪಾರ್ಟು ಐತಿ ತಗೊ, ಹೆಂಗೂ ಅಭ್ಯಾಸ ಐತಿ" ಎಂದರು ಮಾಸ್ತರರು. ಆ ಪಾರ್ಟಿಗೆ ಇರುವುದು ಎರಡೇ ಮಾತು, ಮಾನ್ಯರೇ. ಅದರಲ್ಲಿ ಒಂದು ತೇಗು.

ಉಡಚವ್ವ ಮರಳಿ ಬಂದವಳೇ ಮಾಸ್ತರರ ಮನೆಗೆ ಹೋಗಿ ನಡೆದದ್ದನ್ನೆಲ್ಲ ವಿವರಿಸಿದಳು. ಮಾಸ್ತರರು ಕಣ್ಣಲ್ಲಿ ನೀರು ತಂದುಕೊಂಡು, "ತಂಗೀ, ಗಂಡನ ಮಾನ ಉಳಸಾಕ ಎಂಥಾ ಕತಿ ಕಟ್ಟೀಯವ್ವಾ, ದೊಡ್ಡ ಮನಸ್ಸು ನಿಂದು" ಎಂದು ಚಹಾ ಕುಡಿಸಿ ಕಳಿಸಿದರು. ಆಕೆ ಮನೆಗೆ ಬಂದು ನನ್ನನ್ನು ನೋಡಿ, "ಮುಚ್ಚಳ ತಗೀರಿ ಅಂದ್ರ ತಗೀಲಿಲ್ಲ, ಬಾಯಿ ಮುಚ್ಚರಿ ಅಂದ್ರ ಮುಚ್ಚಲಿಲ್ಲ" ಎಂದಳು. ಆಕೆಯ ಸಂಕಟವೆಲ್ಲ ಚೆಲ್ಲಿಹೋದ ತಮ್ಮ ಬಗ್ಗೆ.

ಆದರೂ ಗುಣಕ್ಕೆ ಮತ್ಸರವಿರಬಾರದು. ತಾವು ಚೆಲ್ಲಿದ ಕಡೆಯಲ್ಲಿ ನಮ್ಮ ಅಡುಗೆಮನೆಯ ಕಲ್ಲು ಈಗ ಹೇಗೆ ಹೊಳೆಯುತ್ತಿದೆ ಎಂದರೆ, ಬಗ್ಗಿದರೆ ನನ್ನ ಮೀಸೆ ಎಣಿಸಬಹುದು. ರಾಜನ ಪಾರ್ಟಿಗಾಗಿ ಬೆಳೆಸಿದ ಮೀಸೆ. ಹದಕ್ಕೆ ಬರುವ ಮೊದಲೇ ಇಷ್ಟು ಸಾಮರ್ಥ್ಯವಿರುವ ತಾವು, ಒಬ್ಬ ನಿರಪರಾಧಿಯ ಹೆಸರಿಗೆ ಅಂಟಿದ ಕಲೆಯನ್ನು ಮಾತ್ರ ಯಾಕೆ ತೆಗೆಯಲೊಲ್ಲಿರಿ? ಆದ್ದರಿಂದ ತಾವು ದಯವಿಟ್ಟು ಸ್ವಂತ ಕಾಲಿನ ಮೇಲೆ ತಾಲೀಮಿನ ಮನೆಗೆ ಬಂದು, ಮಾಸ್ತರರ ಎದುರು ಕೈಮುಗಿದು, ನಾನು ಹೆಂಡವಲ್ಲ ಎಂದು ಮೂರು ಸಲ ಕೂಗಿ ಹೇಳಬೇಕು. ಗಂಟಲಿಲ್ಲದಿದ್ದರೆ ನನ್ನದನ್ನು ಕೊಡುತ್ತೇನೆ, ಎರಡು ಮಾತಿನ ಕುಡುಕನಿಗೆ ಅದರ ಕೆಲಸವೇನು? ಇನ್ನು ಮುಂದೆ ಸಿಡಿಯುವ ಮೊದಲು, ಪರದೆ ಏಳುವಾಗ ಬಾರಿಸುವಂತೆ, ಒಂದು ಗಂಟೆಯನ್ನಾದರೂ ಬಾರಿಸುವ ಕೃಪೆ ಮಾಡಬೇಕು. ಅದೂ ಆಗದಿದ್ದರೆ ಗುಲಾಬಿಯಂತೆ ಹುಳಿಯುವುದನ್ನಾದರೂ ಕಲಿಯಬೇಕು.

ಇಷ್ಟಾದ ಮೇಲೂ, ಧೋತರ ತೋಯ್ದ ಮೇಲೂ ತಮ್ಮ ವಿಶ್ವಾಸಿ,
ಮೂಕಪ್ಪ, ಮಾಜಿ ಮಹಾರಾಜ

ಮತ್ತೊಂದು ಮಾತು: ಉಡಚವ್ವ ತಮಗೆ ಹೊಸ ಬೆಲ್ಲ, ಹೊಸ ಸಿಪ್ಪೆ ತುಂಬಿ, ಮುಚ್ಚಳದ ಕೆಲಸವನ್ನು ಮತ್ತೆ ನನಗೇ ಒಪ್ಪಿಸಿದ್ದಾಳೆ. ತಮ್ಮ ಹೊಟ್ಟೆ ಮತ್ತೆ ದುಂಡಗಾದದ್ದನ್ನು ಇಂದು ಸಂಜೆ ನೋಡಿದೆ, ಮುಟ್ಟಲಿಲ್ಲ. ನಾಳೆ ಭಾನುವಾರ, ತಾಲೀಮು ಬೆಳಿಗ್ಗೆಯೇ ಇರುವುದರಿಂದ, ಅದಕ್ಕೆ ಹೊರಡುವ ಮೊದಲು ನಾನು ಸೋಮೇಶನನ್ನು ಪ್ರೀತಿಯಿಂದ ಚಹಾಕ್ಕೆ ಕರೆಯುತ್ತೇನೆ, ಹೊಸ ರಾಜನಿಗೆ ಮಣೆ ಹಾಕಿ ಕೂರಿಸುತ್ತೇನೆ, ಆಮೇಲೆ ತಮ್ಮನ್ನು ಅವನ ಮುಂದಿಟ್ಟು, "ಸೋಮೇಶಾ, ನಿನ್ನ ರಟ್ಟಿ ಗಟ್ಟಿ ಅದಾವು, ಇದರ ಮುಚ್ಚಳಾ ಒಂದೀಟು ತಗದು ಕೊಡಪಾ" ಎನ್ನುತ್ತೇನೆ. ಮುಂದಿನ ಪಾರ್ಟು ತಮ್ಮದು.